ಘಟ್ಟ ಇಳಿಯುವ ಮೊದಲೇ ಬರುವ ಗಡಿ

(ಉಪನ್ಯಾಸದ ಬರಹರೂಪ)

ದೋರನಹಳ್ಳಿಯ ಕೇಳುಗರಿಗೆ ಘಟ್ಟದ ರಸ್ತೆಯ ಮಾತು ದೂರದ್ದೆನಿಸಬಹುದು. ಇಲ್ಲಿ ಕಣ್ಣು ಹಾಯಿಸಿದತ್ತೆಲ್ಲ ಬಯಲು. ಬೆಟ್ಟವೆಂದರೆ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಸಾಲು. ಆದರೆ ಅದೇ ಶಹಾಪುರವನ್ನು ಹಾದುಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಸುರಪುರ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು, ಮೈಸೂರುಗಳನ್ನು ದಾಟಿ ಚಾಮರಾಜನಗರದಲ್ಲಿ ಕೊನೆಯಾಗುತ್ತದೆ. ಅಲ್ಲಿಂದ ಮುಂದಕ್ಕೆ ಕೊಯಮತ್ತೂರಿನತ್ತ ಸಾಗುವ ದಾರಿಯಲ್ಲಿದೆ ದಿಂಬಂ ಘಾಟಿ. ಶಹಾಪುರ ಸೀಮೆಯ ಹತ್ತಿಯನ್ನು ಹೇರಿಕೊಂಡ ಲಾರಿಯೊಂದು ಕೊಯಮತ್ತೂರಿನ ಗಿರಣಿಗೆ ಹೊರಟಿತೆನ್ನಿ. ಈ ದಾರಿ ಹಿಡಿದರೆ ಅದು ಇಳಿಯಬೇಕಾದ ಘಟ್ಟ ಇದು.

ಚಾಮರಾಜನಗರ ಬಿಟ್ಟ ಮೇಲೆ ಹೊಲಗಳು ಕರಗಿ, ಪುಣಜನೂರಿನ ಬಳಿ ಕಾಡು ಆರಂಭವಾಗುತ್ತದೆ. ತುಸು ದೂರದಲ್ಲಿಯೇ ತಮಿಳುನಾಡಿನ ಗಡಿ. ಘಟ್ಟದ ಅಂಚು ಇನ್ನೂ ಬಂದಿಲ್ಲ ಎಂಬುದು ಇಲ್ಲಿ ಗಮನಾರ್ಹ. ಹಾಸನೂರನ್ನು ದಾಟಿ ದಿಂಬಂ ತಲುಪಿದ ಮೇಲಷ್ಟೇ ನೆಲ ಒಮ್ಮೆಲೇ ಕುಸಿದು, ಕೆಳಗೆ ಬಣ್ಣಾರಿ, ಸತ್ಯಮಂಗಲದ ಬಯಲು ಕಾಣಿಸುತ್ತದೆ. ಅಲ್ಲಿಗೆ ಇಳಿಯಲು 27 ಹೇರ್‌ಪಿನ್ ತಿರುವುಗಳಿವೆ.

ಇಷ್ಟೊಂದು ತಿರುವು ಏಕೆ? ಕಡಿದಾದ ಇಳಿಜಾರಿನಲ್ಲಿ ನೇರ ರಸ್ತೆ ಹಾಕಿದರೆ ಭಾರದ ವಾಹನ ಏರಲಾರದು, ಇಳಿಯುವಾಗ ನಿಲ್ಲಲಾರದು. ದಾರಿಯನ್ನು ಉದ್ದ ಮಾಡಿದಷ್ಟೂ ಏರಿನ ಕಡಿದು ಕಡಿಮೆಯಾಗುತ್ತದೆ. ಆದರೂ ಇಳಿಯುವವನು ಬ್ರೇಕನ್ನೇ ನೆಚ್ಚಿ ಕೂರುವಂತಿಲ್ಲ. ಒತ್ತಿದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ವೇಗ ಹಿಡಿದು ಇಳಿಯಬೇಕು. ಏರಿ ಬರುವ ವಾಹನಕ್ಕೆ ಮೊದಲು ದಾರಿ ಕೊಡಬೇಕು. ಏರಿನಲ್ಲಿ ಒಮ್ಮೆ ನಿಂತ ತುಂಬಿದ ಲಾರಿಯನ್ನು ಮತ್ತೆ ಎಬ್ಬಿಸುವುದು ಸುಲಭದ ಕೆಲಸವಲ್ಲ.

ಈ ಬೆಟ್ಟಸಾಲನ್ನು ದಾಟುವ ಅಗತ್ಯ ಇಂದಿನದಲ್ಲ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಇದೇ ಸಾಲಿನ ಗಜ್ಜಲಹಟ್ಟಿ ಕಣಿವೆಯಿಂದಿಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಎದುರಿಸಿತು. ಮುಂದೆ ಕೊಯಮತ್ತೂರು ಸೀಮೆ ಇಂಗ್ಲಿಷ್ ಕಂಪನಿಯ ಪಾಲಾಯಿತು. ಘಟ್ಟದ ಮೇಲಿನ ಕೊಳ್ಳೇಗಾಲ, ತಾಳವಾಡಿಗಳು ಮೈಸೂರಿಗೆ ಸೇರದೆ ಕೆಳಗಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಿಜಾಮರ ಹೈದರಾಬಾದಿನಲ್ಲಿದ್ದ ಶಹಾಪುರ, ಸುರಪುರಗಳು ಅಂದು ಕನ್ನಡ ರಾಜ್ಯಕ್ಕೆ ಬಂದವು, ಕೊಳ್ಳೇಗಾಲವೂ ಬಂತು. ಕನ್ನಡ ಮಾತು ದಟ್ಟವಾಗಿದ್ದ ತಾಳವಾಡಿ ಮಾತ್ರ ಮದರಾಸಿನಲ್ಲೇ ಉಳಿಯಿತು. ವರನಟ ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರು ಇರುವುದು ಅಲ್ಲಿಯೇ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಪಹರಿಸಿದ್ದೂ ಆ ಊರಿನಿಂದಲೇ.

ಆಲ್ಪ್ಸ್ ಪರ್ವತದಲ್ಲಿಯೂ ಇಂಥದೊಂದು ಕಥೆಯಿದೆ. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದಂತೆ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯನ್ನು ಸುಮಾರು 1,370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆದಾರಿಯ ನೆತ್ತಿಗೆ ತಂದರು. ಬೆಟ್ಟದ ನೆತ್ತಿಯನ್ನೇ ಗಡಿ ಎಂದುಕೊಂಡಿದ್ದರಿಂದ, ದಕ್ಷಿಣದ ಇಳುಕಲಿನಲ್ಲಿದ್ದ ಜರ್ಮನ್ ಭಾಷಿಕರು ಇಟಲಿಗೆ ಸೇರಿದರು. ದಿಂಬಂನಲ್ಲಿ ಇದರ ತಿರುವುಮುರುವು: ಗಡಿ ಬೆಟ್ಟವನ್ನು ಅನುಸರಿಸಲಿಲ್ಲ, ಹಳೆಯ ಜಿಲ್ಲೆಯ ಗೆರೆಯನ್ನು ಅನುಸರಿಸಿತು. ಎರಡೂ ಕಡೆ ಉಳಿದುಹೋದದ್ದು ಜನರ ಮಾತು.

ಇದರ ಬೆಲೆ ನಿತ್ಯದ ಬದುಕಿನಲ್ಲಿ ಕಾಣುತ್ತದೆ. ತಾಳವಾಡಿಯವರಿಗೆ ಚಾಮರಾಜನಗರದ ಪೇಟೆ, ಆಸ್ಪತ್ರೆ ಹತ್ತಿರ. ಜಿಲ್ಲಾ ಕೇಂದ್ರವಾದ ಈರೋಡಿಗೆ ಘಟ್ಟವಿಳಿದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಇತ್ತ ಕಾಡಿನ ಹಕ್ಕೂ ಸಣ್ಣದಲ್ಲ. ಗಡಿಯ ಆಚೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಈಚೆ ಬಿಳಿಗಿರಿರಂಗನಬೆಟ್ಟದ್ದು. ರಸ್ತೆ ದಾಟುವ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ, 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ತರಕಾರಿ ಬೆಳೆದು ಕೆಳಗಿನ ಮಾರುಕಟ್ಟೆಗೆ ಸಾಗಿಸುವ ತಾಳವಾಡಿಯ ರೈತರು ಪ್ರತಿಭಟನೆಗಿಳಿದರು. ಆನೆಗೆ ಗಡಿ ಗೊತ್ತಿಲ್ಲ; ರೈತನಿಗೆ ಗೊತ್ತಿದೆ, ಆದರೆ ಅದನ್ನು ಎಳೆದವನು ಅವನಲ್ಲ.

ಘಟ್ಟದ ಮೇಲೆ ನಿಂತು ನೋಟ ಸವಿಯುವುದು ತಪ್ಪಲ್ಲ. ಆದರೆ ದಿಂಬಂ ಇಳಿಯುವವರು ಬೆನ್ನ ಹಿಂದೆ ಬಿಟ್ಟುಬಂದ ಊರುಗಳನ್ನೂ ಒಮ್ಮೆ ನೆನೆಯಬೇಕು. 1956ರ ಆ ದಿನ ಗೆರೆ ಬೇರೆ ರೀತಿ ಎಳೆದಿದ್ದರೆ, ಇಂದು ತಾಳವಾಡಿಯವರು ಇರುವ ಸ್ಥಿತಿಯಲ್ಲಿ ಶಹಾಪುರದವರೂ ಇರಬಹುದಿತ್ತು.