ಮಾಸ್ಕೋಗೆ ಹೋಗಲು ದಿಲ್ಲಿ ಯಾಕೆ ಸುತ್ತಬೇಕು?

(ಸವಳಂಗದಲ್ಲಿ ಕನ್ನಡ ಯುವಜನರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ಕನ್ನಡದ ಸಭೆಗೆ ಕರೆದರೆ ಈ ಪ್ರೆಸ್ಸಿನವನು ರಷ್ಯನ್ ಭಾಷೆಯ ವಿಷಯ ಎತ್ತುತ್ತಾನಲ್ಲ, ಇವನಿಗೇನಾಯಿತು ಎಂದು ನಿಮ್ಮಲ್ಲಿ ಕೆಲವರು ಮುಸಿಮುಸಿ ನಗುತ್ತಿದ್ದೀರಿ. ನಗಿ. ಆದರೆ ಹತ್ತು ನಿಮಿಷ ಕೇಳಿ. ನಾನು ಆಡುವುದು ಕನ್ನಡದ ಮಾತನ್ನೇ.

ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕುವುದು ನನ್ನ ಕಸುಬು. ಓದಿದ್ದು ಪಿಯುಸಿ. ರಷ್ಯಾದಲ್ಲಿ ಕಡಿಮೆ ಖರ್ಚಿನಲ್ಲಿ ಡಾಕ್ಟರಾಗಿ ಎನ್ನುವ ಕರಪತ್ರ ನಮ್ಮಂಥ ಸಣ್ಣ ಊರಿನ ಪ್ರೆಸ್ಸಿಗೂ ಬರುತ್ತದೆ. ಅದರ ನೆತ್ತಿಯ ಮೇಲೆ ಅಂದಕ್ಕೆಂದು ನಾಲ್ಕು ರಷ್ಯನ್ ಅಕ್ಷರ. ತಂದವನಿಗೂ ಅದು ಏನೆಂದು ಗೊತ್ತಿಲ್ಲ, ಓದುವವನಿಗೂ ಗೊತ್ತಿಲ್ಲ. ಏನು ಅಚ್ಚಾಗುತ್ತಿದೆ ಎಂದು ತಿಳಿಯಬೇಕೆನಿಸಿತು. ಪ್ರೆಸ್ ಬಾಗಿಲು ಹಾಕಿದ ಮೇಲೆ ಮೊಬೈಲಿನಲ್ಲೇ ಕೇಳಬಹುದಾದ ಆರಂಭಿಕರ ರಷ್ಯನ್ ತರಗತಿಗೆ ಸೇರಿದೆ.

ತಮಾಷೆಗೆ ಸೇರಿದ್ದಲ್ಲ. 2024ರ ಆರಂಭದ ಸುದ್ದಿ ನೆನಪಿದೆಯೇ? ಕಲಬುರಗಿ ಜಿಲ್ಲೆಯ ಹುಡುಗರು ಏಜೆಂಟರ ಮಾತು ನಂಬಿ ಕೆಲಸಕ್ಕೆಂದು ರಷ್ಯಾಕ್ಕೆ ಹೋದರು. ಹೋಗಿ ಬಿದ್ದದ್ದು ಉಕ್ರೇನ್ ಯುದ್ಧದ ಬಾಯಿಗೆ. ಅವರು ಊರಿಗೆ ಮರಳಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಓದಲು ಬಾರದ ರಷ್ಯನ್ ಕಾಗದಕ್ಕೆ ನಮ್ಮಿಂದ ಸಹಿ ಹಾಕಿಸಿಕೊಂಡರು ಎಂದು ಹೀಗೆ ಸೇನೆಗೆ ಸೇರಿಹೋದ ಭಾರತೀಯರು ಹೇಳಿದರು. ಒಂದು ಸಹಿ, ಒಂದು ಕಾಗದ, ಒಂದು ಜೀವ! ಡಾಕ್ಟರ್ ಓದಲು ಹೋದವರ ಪಾಡೂ ಸುಲಭವಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು, ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಅಜ್ಜಿ ತನ್ನ ನೋವು ಹೇಳುವುದು ರಷ್ಯನ್ನಿನಲ್ಲಿ. ಆ ಭಾಷೆಯ ಅಗತ್ಯ ನಮ್ಮ ಮನೆಬಾಗಿಲಿಗೇ ಬಂದಿದೆ ಎಂದು ಇದರ ಅರ್ಥ.

ಸರಿ, ಕಲಿಯೋಣ. ಎಲ್ಲಿ ಕಲಿಯುವುದು? ನಾನು ಸೇರಿದ ತರಗತಿಯ ಮಾಧ್ಯಮ ಇಂಗ್ಲಿಷು, ಮಧ್ಯೆ ಮಧ್ಯೆ ಹಿಂದಿ. ಹುಡುಕಿದ ಇನ್ನೆರಡೂ ಹಾಗೆಯೇ. ರಷ್ಯನ್ ಕಲಿಯಬೇಕೆಂದರೆ ಕನ್ನಡದ ಹುಡುಗಿ ಮೊದಲು ಇಂಗ್ಲಿಷಿನ ಹೊಳೆ ದಾಟಬೇಕು, ಇಲ್ಲವೇ ಹಿಂದಿಯ ಗುಡ್ಡ ಹತ್ತಬೇಕು. ಈ ಸುತ್ತು ಬೇಕೇ ಇಲ್ಲ ಎನ್ನುವುದು ನನಗೆ ತರಗತಿಯಲ್ಲೇ ತಿಳಿಯಿತು.

ನನಗೆ ಚಳಿ

ಒಂದು ದಿನ ‘ಮ್ನ್ಯೆ ಹೋಲದ್ನ’ ಎನ್ನುವ ಮಾತು ಬಂತು. ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಅರ್ಧ ಗಂಟೆ ಹೆಣಗಿದರು. ಇಂಗ್ಲಿಷಿನವನು ‘ನಾನು ಚಳಿಯಾಗಿದ್ದೇನೆ’ ಎನ್ನುವ ಹಾಗೆ ಹೇಳುತ್ತಾನೆ, ರಷ್ಯನ್ನಿನಲ್ಲಿ ಹಾಗಲ್ಲ, ಇಲ್ಲಿ ‘ನಾನು’ ಕರ್ತೃವಲ್ಲ, ಹೀಗೆ ಏನೇನೋ. ಕೊನೆಗೆ ತರಗತಿಯಲ್ಲಿದ್ದ ಕನ್ನಡದ ಹುಡುಗನೊಬ್ಬ, ‘ಅಯ್ಯೋ, ಇದು ನಮ್ಮ ನನಗೆ ಚಳಿ ಅಲ್ಲವೇ!’ ಎಂದುಬಿಟ್ಟ. ‘ಮ್ನ್ಯೆ’ ಎಂದರೆ ನನಗೆ, ‘ಹೋಲದ್ನ’ ಎಂದರೆ ಚಳಿ. ಮುಗಿಯಿತು. ಅರ್ಧ ಗಂಟೆಯ ಪಾಠ ಕನ್ನಡದ ಎರಡು ಪದದಲ್ಲಿ ಕುಳಿತಿತ್ತು.

ಇನ್ನೂ ನೋಡಿ. ‘ನಾನು ವಿದ್ಯಾರ್ಥಿ’ ಎನ್ನಲು ನಮಗೆ ಮೂರನೆಯ ಪದ ಬೇಡ. ರಷ್ಯನ್ನಿನಲ್ಲೂ ಬೇಡ: ‘ಯಾ ಸ್ತುದ್ಯೆಂತ್’. ಇಂಗ್ಲಿಷಿನ ಎ, ದಿ ಎಂಬ ಕಾಟ ನಮ್ಮಲ್ಲಿಲ್ಲ, ಅವರಲ್ಲೂ ಇಲ್ಲ. ನಮಗೆ ನೀನು, ನೀವು ಇರುವಂತೆ ಅವರಿಗೆ ‘ತಿ’, ‘ವಿ’ ಇವೆ. ಹಿರಿಯರಿಗೆ, ಹೊಸಬರಿಗೆ ‘ವಿ’ ಎನ್ನಬೇಕು ಎಂದು ನಮ್ಮ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. ‘ಚಿತಾಯು’ ಓದುತ್ತೇನೆ, ‘ಚಿತಾಯೆಶ್’ ಓದುತ್ತೀಯ. ಯಾರು ಎಂಬುದು ಕ್ರಿಯಾಪದದ ಬಾಲದಲ್ಲೇ ಇದೆ, ನಮ್ಮಲ್ಲಿರುವ ಹಾಗೆ.

ಎಲ್ಲರೂ ಹೆದರುವುದು ರಷ್ಯನ್ನಿನ ಆರು ವಿಭಕ್ತಿಗಳಿಗೆ. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ, ತೃತೀಯಾ ಎಂದು ರಾಗವಾಗಿ ಉರುಹೊಡೆದ ನಾವು ಆರಕ್ಕೆ ಹೆದರುವುದೇ? ‘ಬ್ರಾತ್’ ಎಂದರೆ ಸಹೋದರ, ‘ಬ್ರಾತು’ ಎಂದರೆ ಸಹೋದರನಿಗೆ. ‘ಕರಂದಾಶ್’ ಎಂದರೆ ಪೆನ್ಸಿಲು, ‘ಕರಂದಶೋಮ್’ ಎಂದರೆ ಪೆನ್ಸಿಲಿನಿಂದ. ಪದದ ಬಾಲ ಬದಲಾಗುತ್ತದೆ, ಅರ್ಥ ಬದಲಾಗುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವನಿಗೆ ಇದು ಕಗ್ಗಂಟು. ಕನ್ನಡದವನಿಗೆ ದಿನನಿತ್ಯದ ಮಾತು.

ಅಕ್ಷರ ಮೂವತ್ತಮೂರೇ. ಅಲ್ಲೂ ಒಂದು ತಮಾಷೆ ಇದೆ. ಇಂಗ್ಲಿಷಿನ ಪಿ ಆಕಾರದ ಅಕ್ಷರ ರಷ್ಯನ್ನಿನಲ್ಲಿ ‘ರ’. ಸಿ ಆಕಾರದ್ದು ‘ಸ’. ಎಚ್ ಆಕಾರದ್ದು ‘ನ’. ಇಂಗ್ಲಿಷಿಗೆ ಒಗ್ಗಿದ ಕಣ್ಣು ಹೆಜ್ಜೆಹೆಜ್ಜೆಗೂ ಎಡವುತ್ತದೆ. ಕನ್ನಡ ಮಾತ್ರ ಬಲ್ಲ ಕಣ್ಣು ಹೊಸದನ್ನು ಹೊಸದೆಂದೇ ನೋಡುತ್ತದೆ. ಆರ್ ಅಕ್ಷರವನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಇರುವುದು ‘ಯಾ’. ಅದೊಂದೇ ಅಕ್ಷರಕ್ಕೆ ‘ನಾನು’ ಎಂದರ್ಥ. ವರ್ಣಮಾಲೆಯಲ್ಲಿ ಅದಕ್ಕೆ ಕಟ್ಟಕಡೆಯ ಜಾಗ!

ಕನ್ನಡ, ರಷ್ಯನ್ ನೆಂಟರು ಎಂದು ನಾನು ಹೇಳುತ್ತಿಲ್ಲ. ಎರಡರ ಕುಟುಂಬ ಬೇರೆ. ಕಷ್ಟವೂ ಇದೆ. ಅವರು ‘ಮೊಲೊಕೊ’ ಎಂದು ಬರೆದು ‘ಮಲಕೋ’ ಎಂದು ಓದುತ್ತಾರೆ. ಅದು ಹಾಲು. ಬರೆದಂತೆ ಓದುವ ನಮಗೆ ಇದು ರೂಢಿಯಾಗಲು ದಿನ ಬೇಕು. ನಾನು ಹೇಳುವುದು ಇಷ್ಟೇ: ಕನ್ನಡದಿಂದ ಅಲ್ಲಿಗೆ ನೇರ ದಾರಿ ಇದೆ. ಹಾಕಿದವರು ಮಾತ್ರ ಇಲ್ಲ.

ಅವರು ಹಾಕಿಕೊಂಡರು

15ನೇ ಶತಮಾನದಲ್ಲೇ ತ್ವೆರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ನಮ್ಮ ಬೀದರ್‌ಗೆ ಬಂದ. ಕಂಡದ್ದನ್ನು ತನ್ನ ಜನರಿಗಾಗಿ ಬರೆದಿಟ್ಟ. ಆಂದ್ರೊನೊವ್ ಎಂಬ ರಷ್ಯನ್ ಭಾಷಾ ವಿದ್ವಾಂಸ 1962ರಲ್ಲಿ ಕನ್ನಡ ಭಾಷೆಯ ಬಗ್ಗೆ ಒಂದು ಪುಸ್ತಕ ತಂದ. ಯಾವ ಭಾಷೆಯಲ್ಲಿ? ರಷ್ಯನ್ನಿನಲ್ಲಿ. ಅದು ಇಂಗ್ಲಿಷಿಗೆ ಬಂದದ್ದು ಆಮೇಲೆ, 1969ರಲ್ಲಿ. ಕನ್ನಡ ಕಲಿಯುವ ಮಾಸ್ಕೋದ ಹುಡುಗ ಲಂಡನ್ ಸುತ್ತಬೇಕಾಗಿರಲಿಲ್ಲ. ಸೋವಿಯತ್ ಒಕ್ಕೂಟ ಇದ್ದ ಕಾಲಕ್ಕೆ ರಷ್ಯನ್ ಕತೆ, ವಿಜ್ಞಾನದ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಕನ್ನಡದಲ್ಲೇ ಸಿಗುತ್ತಿದ್ದವು. ಗಾರ್ಕಿಯ ‘ತಾಯಿ’ಯನ್ನು ಕನ್ನಡಕ್ಕೆ ತಂದವರು ನಮ್ಮ ನಿರಂಜನ. 1991ರಲ್ಲಿ ಒಕ್ಕೂಟ ಒಡೆಯಿತು, ಪುಸ್ತಕಗಳ ಆ ಹರಿವೂ ಬತ್ತಿತು. ನಾವು ಮತ್ತೆ ತೋಡು ತೆಗೆಯಲಿಲ್ಲ.

ಕಲಿಕೆ ಬೇರೆ, ಹೇರಿಕೆ ಬೇರೆ

ಹಿಂದಿ ಬೇಡ ಎನ್ನುವವರು ರಷ್ಯನ್ ಕಲಿಯುತ್ತಾರಂತೆ ಎಂದು ಯಾರಾದರೂ ಹಂಗಿಸಿದರೆ ಉತ್ತರ ಕೊಡಿ. ನಾವು ಯಾವ ಭಾಷೆಯ ಶತ್ರುಗಳೂ ಅಲ್ಲ. ನಮ್ಮ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಕಡೆಯ ತಾಂಡಾಗಳಲ್ಲಿ ಮಕ್ಕಳು ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಆಡುತ್ತಾ ಬೆಳೆಯುತ್ತಾರೆ. ಭಾಷೆ ಕಲಿತು ಯಾರೂ ಕೆಟ್ಟಿಲ್ಲ. ಕೆಡುವುದು ಹೇರಿದಾಗ. ಇದೇ ರಷ್ಯಾದ ಚಕ್ರವರ್ತಿ 2ನೇ ಅಲೆಕ್ಸಾಂಡರ್ 1876ರಲ್ಲಿ ಉಕ್ರೇನಿಯನ್ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕುವುದನ್ನು ಬಹುಮಟ್ಟಿಗೆ ನಿಷೇಧಿಸಿದ. ಹೊರಗಿನಿಂದ ತರುವುದಕ್ಕೂ ತಡೆ ಹಾಕಿದ. ಅಚ್ಚಿನ ಮನೆಯವನಾಗಿ ಹೇಳುತ್ತೇನೆ, ಒಂದು ಭಾಷೆಯ ಕತ್ತು ಹಿಸುಕಬೇಕೆಂದವರು ಮೊದಲು ಕೈಯಿಡುವುದು ಪ್ರೆಸ್ಸಿನ ಮೇಲೆ. ಆದರೂ ಉಕ್ರೇನಿಯನ್ ಸಾಯಲಿಲ್ಲ. ರಷ್ಯನ್ನನ್ನು ನಾವು ಇಷ್ಟಪಟ್ಟು ಕಲಿಯೋಣ. ಆ ಚಕ್ರವರ್ತಿಯ ಬುದ್ಧಿಯನ್ನು, ಅದು ಮಾಸ್ಕೋದಲ್ಲಿರಲಿ ದಿಲ್ಲಿಯಲ್ಲಿರಲಿ, ಎದುರಿಸೋಣ.

ಓದಲಾರದ ಕಾಗದಕ್ಕೆ ಸಹಿ ಹಾಕಲು ರಷ್ಯಾಕ್ಕೇ ಹೋಗಬೇಕೆಂದಿಲ್ಲ. ನಮ್ಮೂರ ಕಡೆಯ ರೈತ ಸಾಲಕ್ಕೆ ಹೋದಾಗ ಮುಂದಿಡುವ ಹಾಳೆಗಳಲ್ಲಿ ಎಷ್ಟು ಕನ್ನಡದಲ್ಲಿರುತ್ತವೆ, ನೀವೇ ಎಣಿಸಿ. ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್ಕು ಹಿಂದಿ, ಇಂಗ್ಲಿಷಿನ ಜೊತೆಗೆ ಆಯಾ ನಾಡಿನ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತದೆ. ‘ಕನ್ನಡದ ಹಾಳೆ ಕೊಡಿ, ಆಮೇಲೆ ಸಹಿ’ ಎನ್ನಿ. ಅದು ಜಗಳವಲ್ಲ, ಹಕ್ಕು.

ಶಿವಮೊಗ್ಗ, ದಾವಣಗೆರೆ, ಬೆಂಗಳೂರಿನಲ್ಲಿ ಓದುವ ಗೆಳೆಯರೇ, ನಿಮಗೆ ಮೂರು ಕೆಲಸ ಹೇಳುತ್ತೇನೆ. ಒಂದು, ರಷ್ಯನ್, ಜರ್ಮನ್, ಜಪಾನಿ, ಯಾವುದನ್ನೇ ಕಲಿಯಿರಿ, ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಿರಿ. ಎರಡು, ಆ ಟಿಪ್ಪಣಿಯನ್ನು ಪೆಟ್ಟಿಗೆಯಲ್ಲಿಡದೆ ನಿಮ್ಮ ಹಿಂದೆ ಬರುವವರಿಗೆ ಮೊಬೈಲಿನಲ್ಲೇ ಕನ್ನಡದಲ್ಲಿ ಪಾಠ ಹೇಳಿ. ಹತ್ತು ಜನ ಕೇಳಿದರೂ ಸಾಕು. ಮೂರು, ವಿದೇಶಿ ಭಾಷೆ ಕಲಿಸುವ ನಮ್ಮ ವಿಶ್ವವಿದ್ಯಾಲಯಗಳನ್ನು ಕೇಳಿ: ಕನ್ನಡದ ಮೂಲಕ ಕಲಿಸುವ ಪಠ್ಯ ಎಲ್ಲಿ?

ನನ್ನ ಕೈಲಾದದ್ದನ್ನು ನಾನೂ ಮಾಡುತ್ತೇನೆ. ಹೊರಗೆ ಹೋಗುವ ನಮ್ಮ ಮಕ್ಕಳು ಮೊದಲು ಓದಲೇಬೇಕಾದ ಪದಗಳು ಕೆಲವಿವೆ. ಸಹಿ, ಒಪ್ಪಂದ, ಸಂಬಳ, ಆಸ್ಪತ್ರೆ, ಸೇನೆ. ಇಂಥ ನೂರು ರಷ್ಯನ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಯಾರಾದರೂ ತಪ್ಪಿಲ್ಲದೆ ಬರೆದು ತನ್ನಿ. ಕಾಗದವೂ ನನ್ನದು, ಮಸಿಯೂ ನನ್ನದು.

ಜೈ ಕರ್ನಾಟಕ.