ಹೃದಯದ ಫೈಲಿನಲ್ಲಿ ಏನಿರಬೇಕು?



ನಾನು ಡಾಕ್ಟರ್ ಅಲ್ಲ, ಆಸ್ಪತ್ರೆ ದಾಖಲೆಗಳ ಸಾಫ್ಟ್‌ವೇರ್ ಕೆಲಸ ಮಾಡುವವಳು. ನಾನು ಹೃದಯವನ್ನು ನೋಡುವುದು ಕಾಗದದ ಮೇಲೆ ಮಾತ್ರ. ಮನೆಯಲ್ಲಿ ಯಾರಿಗಾದರೂ ಹೃದಯದ ಆಪರೇಷನ್ ಆದರೆ ಆ ಕಾಗದಗಳ ಚೀಲ ಹಿಡಿದು ಓಡಾಡುವವರು ಹೆಚ್ಚಾಗಿ ನಾವೇ ತಾನೇ? ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಮೆಡಿಕಲ್ ಕೋಡಿಂಗ್ ಎಂದರೆ ಕಾಯಿಲೆಗೂ ಚಿಕಿತ್ಸೆಗೂ ಗೊತ್ತಾದ ಸಂಕೇತ ಕೊಡುವುದು. ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಪಟ್ಟಿಯಿದೆ. ಅದರ ಹತ್ತನೇ ಆವೃತ್ತಿಯಲ್ಲಿ ಹೃದಯಾಘಾತ ಐ 21. ಬೈಪಾಸ್ ಆಗಿರುವವರ ಫೈಲಿನಲ್ಲಿ ಮುಂದೆ ಝಡ್ 95.1 ಬರುತ್ತದೆ. ಚಿಕಿತ್ಸೆಯ ಪಟ್ಟಿ ಬೇರೆ. ಅಮೆರಿಕದಲ್ಲಿ ಸಿಪಿಟಿ ಬಳಸುತ್ತಾರೆ. ನಮ್ಮ ಆಯುಷ್ಮಾನ್ ಯೋಜನೆಗೆ ಅದರದೇ ಪ್ಯಾಕೇಜ್ ಕೋಡ್‌ಗಳಿವೆ.

ಒಂದು ಉದಾಹರಣೆ ನೋಡಿ. ‘ಮೂರು ಬೈಪಾಸ್ ಆಗಿದೆ’ ಎಂದು ನಾವು ಹೇಳಿ ಮುಗಿಸುತ್ತೇವೆ. ಕೋಡರ್‌ಗೆ ಅಷ್ಟು ಸಾಲದು. ಎದೆಯ ಒಳಗೋಡೆಯ ಒಂದು ಆರ್ಟರಿ, ಕಾಲಿನಿಂದ ತೆಗೆದ ವೇನ್‌ನ ಎರಡು ತುಂಡು ಜೋಡಿಸಿದ್ದರೆ ಸಿಪಿಟಿಯಲ್ಲಿ 33533, ಜೊತೆಗೆ 33518. ಮೂರಕ್ಕೂ ಕಾಲಿನ ವೇನ್ ಬಳಸಿದ್ದರೆ 33512. ಕೋಡರ್ ಆಪರೇಷನ್ ಥಿಯೇಟರಿನಲ್ಲಿ ಇರುವುದಿಲ್ಲ. ಸರ್ಜನ್ ಬರೆದ ಆಪರೇಷನ್ ನೋಟ್ಸ್ ಒಂದೇ ಆಧಾರ. ಊಹೆಗೆ ಅಲ್ಲಿ ಜಾಗವಿಲ್ಲ. ಬರೆಯದೆ ಇದ್ದದ್ದು ಮಾಡಿಲ್ಲ ಎಂದೇ ಲೆಕ್ಕ.

ಇದು ಬರೀ ಬಿಲ್ಲಿನ ವಿಷಯವಲ್ಲ. ಹುಬ್ಬಳ್ಳಿಯಲ್ಲಿ ಬೈಪಾಸ್ ಮಾಡಿಸಿಕೊಂಡ ಮಾವನವರು ಮಗನ ಮನೆಗೆಂದು ಚಾಂದ್‌ಖೇಡಾಕ್ಕೆ ಬಂದಾಗ ಎದೆನೋವು ಬಂತು ಎಂದಿಟ್ಟುಕೊಳ್ಳಿ. ಇಲ್ಲಿ ಆಂಜಿಯೋಗ್ರಫಿ ಮಾಡುವವರಿಗೆ ಯಾವ ನಾಳ ಎಲ್ಲಿ ಜೋಡಿಸಿದೆ ಎಂಬುದು ಗೊತ್ತಿರಬೇಕು. ಹಳೆಯ ನೋಟ್ಸ್ ಇಲ್ಲದಿದ್ದರೆ ಹುಡುಕಬೇಕು. ಹುಡುಕಿದಷ್ಟೂ ಸಮಯ, ಹುಡುಕಿದಷ್ಟೂ ಡೈ. ಕಿಡ್ನಿ ದುರ್ಬಲವಾಗಿರುವವರಿಗೆ ಆ ಡೈ ಸಣ್ಣ ಮಾತಲ್ಲ.

ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ ಸಂಗತಿ ಕವಾಟದ್ದು. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗುವ ಕಾಯಿಲೆ ಹೆಂಗಸರಲ್ಲೇ ಹೆಚ್ಚು. ಕವಾಟ ಬದಲಿಸಿದ್ದರೆ ಅದು ಲೋಹದ್ದೋ, ಟಿಶ್ಯೂನದ್ದೋ ಎಂಬುದು ಫೈಲಿನಲ್ಲಿ ಸ್ಪಷ್ಟವಾಗಿರಬೇಕು. ಮೆಕ್ಯಾನಿಕಲ್ ಕವಾಟವಾದರೆ ವಾರ್ಫರಿನ್‌ನಂಥ ಮಾತ್ರೆ ಜೀವನಪೂರ್ತಿ ಬೇಕು. ಆದರೆ ಗರ್ಭಿಣಿಯಾದಾಗ ಅದೇ ಮಾತ್ರೆ ಮಗುವಿಗೆ ಅಪಾಯ ತರಬಹುದು. ಹೃದಯದ ಡಾಕ್ಟರೂ ಹೆರಿಗೆ ಡಾಕ್ಟರೂ ಒಂದೇ ಕಾಗದ ನೋಡಿ ತೀರ್ಮಾನಿಸಬೇಕಾದ ಹೊತ್ತದು. ಆ ಕಾಗದ ತವರಿನ ಬೀರುವಿನಲ್ಲಿ ಉಳಿದುಬಿಟ್ಟರೆ?

ಈಗ ನಮ್ಮ ಊರಿನ ಮಾತಿಗೆ ಬರೋಣ. 2024ರ ನವೆಂಬರ್‌ನಲ್ಲಿ ಮೆಹಸಾಣಾ ಜಿಲ್ಲೆ ಕಡಿ ತಾಲ್ಲೂಕಿನ ಬೋರಿಸಣಾ ಗ್ರಾಮದಲ್ಲಿ ಉಚಿತ ಶಿಬಿರ ನಡೆಯಿತು. ಅಲ್ಲಿಂದ 19 ಮಂದಿಯನ್ನು ಅಹಮದಾಬಾದಿನ ಖ್ಯಾತಿ ಆಸ್ಪತ್ರೆಗೆ ಕರೆತಂದರು. ಏಳು ಮಂದಿಗೆ ಆಂಜಿಯೋಪ್ಲಾಸ್ಟಿ ಆಯಿತು, ಇಬ್ಬರು ತೀರಿಕೊಂಡರು. ಸರ್ಕಾರಿ ಯೋಜನೆಯ ಹಣಕ್ಕಾಗಿ ಬೇಡದ ಚಿಕಿತ್ಸೆ ಮಾಡಿದರು ಎಂಬುದು ಪೊಲೀಸರ ಆರೋಪ. ತೀರ್ಪು ಹೇಳಬೇಕಾದದ್ದು ನ್ಯಾಯಾಲಯ. ಆದರೆ ನನ್ನ ವೃತ್ತಿಯವರಿಗೆ ಇದರಲ್ಲಿ ಪಾಠವಿದೆ. ಕೋಡ್ ‘ಏನು ಮಾಡಿದರು’ ಎಂಬುದನ್ನು ಹೇಳುತ್ತದೆ. ‘ಅದು ಬೇಕಿತ್ತೇ’ ಎಂಬ ಪ್ರಶ್ನೆಗೆ ಉತ್ತರ ಕೋಡ್‌ನಲ್ಲಿಲ್ಲ, ಆಂಜಿಯೋಗ್ರಫಿಯ ಚಿತ್ರದಲ್ಲಿದೆ. ಸಾಫ್ಟ್‌ವೇರ್ ಎಷ್ಟೇ ಚುರುಕಾಗಿರಲಿ, ಎಲ್ಲ ಕಾಲಂ ಸರಿಯಾಗಿ ತುಂಬಿದ್ದರೆ ಕ್ಲೇಮ್ ಅದರ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆ ಡಿಸೆಂಬರ್‌ನಲ್ಲಿ ಗುಜರಾತ್ ಸರ್ಕಾರ ತಂದ ಹೊಸ ನಿಯಮಗಳಲ್ಲಿ, ಒಪ್ಪಿಗೆ ಕೇಳುವಾಗಲೇ ಆಂಜಿಯೋಗ್ರಫಿಯ ಸಿ.ಡಿ.ಯನ್ನೂ ಕೊಡಬೇಕು ಎಂದಿರುವುದು ಇದೇ ಕಾರಣಕ್ಕೆ.

ಆಯುಷ್ಮಾನ್ ಕಾರ್ಡಿಗೆ ಗುಜರಾತ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷದವರೆಗೆ ರಕ್ಷಣೆ ಇದೆ. ನಮ್ಮ ಮನೆಗೆಲಸದವರಿಗೆ, ಕಟ್ಟಡದ ಕಾವಲುಗಾರರಿಗೆ ಅದು ದೊಡ್ಡ ಆಸರೆ. ‘ದುಡ್ಡು ಸರ್ಕಾರದ್ದು, ನಮಗೇಕೆ’ ಎಂದುಕೊಂಡು ಕೇಳದೆ ಸಹಿ ಹಾಕಬಾರದು ಎಂದು ಅವರಿಗೂ ತಿಳಿಸೋಣ. ಹಣ ಯಾರದಾದರೂ ಎದೆ ನಮ್ಮದೇ.

ಹಾಗಾದರೆ ಮನೆಯಲ್ಲಿ ಏನಿರಬೇಕು? ಡಿಸ್ಚಾರ್ಜ್ ಸಮ್ಮರಿ ಎಲ್ಲರಲ್ಲೂ ಇರುತ್ತದೆ. ಅದರ ಜೊತೆಗೆ ಆಪರೇಷನ್ ನೋಟ್ಸ್‌ನ ಪ್ರತಿ ಕೇಳಿ ಪಡೆಯಿರಿ. ಆಂಜಿಯೋಗ್ರಫಿ ವರದಿಯಷ್ಟೇ ಸಾಲದು, ಸಿ.ಡಿ. ಬೇಕು, ಎರಡನೇ ಅಭಿಪ್ರಾಯಕ್ಕೆ ಹೋದಾಗ ಡಾಕ್ಟರ್ ನೋಡುವುದು ಅದನ್ನೇ. ಸ್ಟೆಂಟ್ ಅಥವಾ ಕವಾಟ ಹಾಕಿದ್ದರೆ ಅದರ ಕಂಪನಿ, ಅಳತೆ, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಅಥವಾ ಕಾರ್ಡ್. ಈ ನಾಲ್ಕನ್ನೂ ಫೋನಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಸಿ.ಡಿ.ಯಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ.

ಕೇಳಲು ಸಂಕೋಚ ಬೇಡ. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳಿದೆ. ಅರ್ಜಿಯನ್ನು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಮೂರು ವರ್ಷ ಎಂಬುದನ್ನು ಮರೆಯಬೇಡಿ. ಹತ್ತು ವರ್ಷದ ನಂತರ ನೆನಪಾದರೆ ಆಸ್ಪತ್ರೆಯಲ್ಲಿ ಸಿಗದೇ ಹೋಗಬಹುದು.

ಚಿನ್ನದ ರಸೀದಿ, ಗ್ಯಾಸ್ ಪುಸ್ತಕ, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ಜೋಪಾನ ಮಾಡುವ ಕೈ ನಮ್ಮದು. ಹೃದಯದ ಫೈಲಿಗೂ ಆ ಬೀರುವಿನಲ್ಲಿ ಒಂದು ಜಾಗ ಕೊಡೋಣ. ಮನೆಯವರದ್ದಷ್ಟೇ ಅಲ್ಲ, ನಮ್ಮದೂ.