ಹೆಸರಿಟ್ಟ ಮೇಲೆ ಅದು ಬರೀ ನಾಯಿ ಅಲ್ಲ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೂ, ರೂಮಲ್ಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಮಾತು ಒಂದು ಲಸಿಕೆ ಕಾರ್ಡ್‌ನಿಂದ ಶುರು.

ಹೋದ ತಿಂಗಳು ಒಂದು ನಾಯಿಮರಿ ಎತ್ಕೊಂಡು ಪಶು ಆಸ್ಪತ್ರೆಗೆ ಹೋಗಿದ್ದೆ. ಮರಿಗೆ ಮೂರು ತಿಂಗಳು ತುಂಬಿತ್ತು, ರೇಬಿಸ್ ಲಸಿಕೆ ಹಾಕಿಸ್ಬೇಕಿತ್ತು. ಕಾರ್ಡ್ ಬರೆಯೋರು "ಹೆಸರು?" ಅಂದ್ರು. ನನ್ನ ಹೆಸರು ಹೇಳಿದೆ. "ನಿಮ್ದಲ್ಲಪ್ಪಾ, ಇದರದ್ದು!" ನಾನು ಪೆಚ್ಚಾಗಿ ನಿಂತೆ. ಮರಿ ಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು, ಹೆಸರೇ ಇರಲಿಲ್ಲ.

ಯಾಕಿಲ್ಲ ಅಂದ್ರೆ, ಅದಕ್ಕೆ ಕಾರಣ ನಮ್ಮಜ್ಜಿ. ನಮ್ಮ ರಾಯಚರ್ಲು ಕಡೆ ಎಲ್ಲಿ ನೋಡಿದ್ರೂ ಬಂಡೆ, ಗುಡ್ಡ, ಕಡ್ಲೆಕಾಯಿ ಹೊಲ. ಗುಡ್ಡ ಇದ್ದಲ್ಲಿ ಕರಡಿ, ಚಿರತೆ ಭಯನೂ ಇದ್ದದ್ದೇ. ಅಜ್ಜಿ ಹತ್ರ ಮುಂಚೆ ಕೆಂಚ ಅಂತ ಒಂದು ನಾಯಿ ಇತ್ತು. ಒಂದು ರಾತ್ರಿ ಅಂಗಳದಿಂದಲೇ ಚಿರತೆ ಅದನ್ನ ಹೊತ್ಕೊಂಡು ಹೋಯ್ತು. ಆಮೇಲೂ ಎಷ್ಟೋ ದಿನ ಸಂಜೆ ಮುದ್ದೆ ಮುರಿಯೋ ಹೊತ್ತಿಗೆ ಅಜ್ಜಿ ಬಾಯಲ್ಲಿ "ಕೆಂಚಾ" ಅಂತ ಬಂದುಬಿಡ್ತಿತ್ತು. ಅವತ್ತಿಂದ ಮನೆಗೆ ಬಂದ ಯಾವ ನಾಯಿಗೂ ಅವರು ಹೆಸರಿಡಲಿಲ್ಲ. "ಹೆಸರಿಟ್ರೆ ಕರುಳಿಗೆ ಅಂಟ್ಕೊಳ್ಳುತ್ತೆ ಕಣೋ. ನಾಯಿ ಅಂದ್ರೆ ಸಾಕು" ಅಂತಿದ್ರು.

ಅಜ್ಜಿ ಮಾತು ತಪ್ಪಲ್ಲ. ಆದ್ರೆ ಅದೇ ಮಾತಿಗೆ ಇನ್ನೊಂದು ಉತ್ತರ ನಮ್ಮ ನಾಡಲ್ಲೇ ಕಲ್ಲಿನ ಮೇಲಿದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು. ಅಲ್ಲಿ ಸಿಕ್ಕ ಕನ್ನಡ ಶಾಸನ ಸುಮಾರು ಕ್ರಿ.ಶ. 949-50ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲಂನಲ್ಲಿ ಚೋಳರ ವಿರುದ್ಧ ಯುದ್ಧ ಮಾಡಿದ್ರು. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಾಡಿದ. ಮೆಚ್ಚಿದೆ, ಏನು ಬೇಕೋ ಕೇಳು ಅಂತ ಒಡೆಯ ಅಂದಾಗ ಅವನು ಕೇಳಿದ್ದು ಒಂದು ನಾಯಿಯನ್ನ. ಅದರ ಹೆಸರು ಕಾಳಿ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿ ಜೊತೆ ಸೆಣಸಿತು, ಎರಡೂ ಸತ್ವು. ಕಾಳಿ ನೆನಪಿಗೆ ಕಲ್ಲು ನಿಲ್ಲಿಸಿದ್ರು, ಭೂಮಿ ಬಿಟ್ರು. ಆ ಭೂಮಿ ನೋಡ್ಕೊಳ್ಳೋ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ ಪಾಪ ಅಂತಲೂ ಬರೆಸಿದ್ರು. ನಾಯಿ ಮತ್ತು ಹಂದಿಯ ಕಾಳಗ ಕೆತ್ತಿರೋ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಯೋಚಿಸಿ. ಸಾವಿರ ವರ್ಷ ದಾಟಿದೆ. ಆ ಯುದ್ಧದಲ್ಲಿ ಸತ್ತ ಎಷ್ಟೋ ಸೈನಿಕರ ಹೆಸರು ನಮಗೆ ಗೊತ್ತಿಲ್ಲ, ಈ ನಾಯಿ ಹೆಸರು ಗೊತ್ತು. ಮಣಲೇರನಿಗೂ ಕರುಳಿಗೆ ಅಂಟ್ಕೊಂಡಿತ್ತು. ಅವನು ಅದನ್ನ ಮುಚ್ಚಿಡಲಿಲ್ಲ, ಕಲ್ಲಲ್ಲಿ ಕೆತ್ತಿಸಿದ.

ನಮ್ಮ ಸಾಹಿತ್ಯದಲ್ಲೂ ನಾಯಿಗಳಿಗೆ ಹೆಸರಿದೆ. ಕಾರಂತರ 'ಚೋಮನ ದುಡಿ'ಯಲ್ಲಿ ಬಾಡು, ತೇಜಸ್ವಿಯವರ 'ಕರ್ವಾಲೊ'ದಲ್ಲಿ ಕಿವಿ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಹುಲಿಯ. ಹುಲಿಯನ ಒಡೆಯ ಗುತ್ತಿಯನ್ನ ಊರು ಕರೆಯೋದೇ ನಾಯಿಗುತ್ತಿ ಅಂತ. ನಾವು ನಾಯಿಗೆ ಹೆಸರು ಕೊಡ್ತೀವಿ, ಒಮ್ಮೊಮ್ಮೆ ನಾಯಿ ನಮಗೇ ಹೆಸರು ಕೊಡುತ್ತೆ! ಗಮನಿಸಿ, ಇವೆಲ್ಲ ಎರಡು ಮೂರು ಅಕ್ಷರದ ಹೆಸರುಗಳು. ಕೊನೆಗೆ ಸ್ವರ ಇದೆ, ಎಳೆದು ಕೂಗಬಹುದು.

ಹಾಗಾದ್ರೆ ಹೆಸರು ಆರಿಸೋದು ಹೇಗೆ? ಚಿಕ್ಕದಿರಲಿ. ದಿನಾ ಹೇಳೋ ಆಜ್ಞೆಗೆ ಹತ್ತಿರ ಇರಬಾರದು. 'ಬಾ' ಅಂತ ಕರೆಯೋರು 'ಬಾಬಾ' ಅಂತ ಹೆಸರಿಟ್ರೆ ನಾಯಿಗೇ ಗೊಂದಲ. ಅಕ್ಕಪಕ್ಕ ಎಷ್ಟಿವೆ ನೋಡ್ಕೊಳ್ಳಿ. 2022ರಲ್ಲಿ '777 ಚಾರ್ಲಿ' ಬಂದ ಮೇಲೆ ನನ್ನ ಗೆಳೆಯನ ಬೀದೀಲಿ ಮೂರು ಚಾರ್ಲಿ ಆದ್ವು, ಒಂದನ್ನ ಕರೆದ್ರೆ ಮೂರೂ ಓಡಿ ಬರ್ತವೆ. ಮನೆಯವರೆಲ್ಲ ಒಂದೇ ಹೆಸರಲ್ಲಿ ಕರೀರಿ. ಬೈಯೋಕೆ ಹೆಸರು ಬಳಸಬೇಡಿ, ಹೆಸರು ಕೇಳಿದ್ರೆ ಅದಕ್ಕೆ ಖುಷಿ ಆಗಬೇಕು. ಇನ್ನೊಂದು ಮುಖ್ಯ ಮಾತು: ಆಗದವರ ಹೆಸರನ್ನೋ, ಒಂದು ಜಾತಿಯನ್ನ, ಧರ್ಮವನ್ನ ಚುಚ್ಚೋ ಹೆಸರನ್ನೋ ನಾಯಿಗೆ ಇಡಬೇಡಿ. ನಿಮ್ಮ ಸಿಟ್ಟಿನ ಭಾರ ಆ ಮರಿ ಯಾಕೆ ಹೊರಬೇಕು?

ನಾಯಿಗೆ ಹೆಸರು ನಿಜಕ್ಕೂ ಗೊತ್ತಾಗುತ್ತಾ ಅಂತ ಕೇಳೋರಿಗೆ: 2019ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದ್ರು. ಹಿಂದೆ ಹಲವರ ಮಾತಿನ ಗದ್ದಲ ಇದ್ರೂ ನಾಯಿಗಳು ತಮ್ಮ ಹೆಸರನ್ನ ಗುರುತಿಸಿದ್ವು. ಗದ್ದಲ ಹೆಸರಿಗಿಂತ ಜೋರಾದಾಗ ಮಾತ್ರ ಸೋತ್ವು. ಅಂದ್ರೆ ಸಂತೆಯಲ್ಲಿ ತಪ್ಪಿಸ್ಕೊಂಡ್ರೂ ಕೂಗೋಕೆ ಒಂದು ಹೆಸರು ಇದ್ರೆ ಆಸೆ ಇರುತ್ತೆ. "ನಾಯಿ ಕಂಡ್ರಾ?" ಅಂತ ಕೇಳಿದ್ರೆ "ಯಾವ ನಾಯಿ?" ಅಂತಾರೆ ಅಷ್ಟೇ.

ಆವತ್ತು ಆಸ್ಪತ್ರೆಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಬಂದೆ. ಮನೇಲಿ ಅಜ್ಜಿಗೆ ಕಾರ್ಡ್ ತೋರಿಸಿ ಕಾಳಿ ಕತೆ ಹೇಳಿದೆ. ಅಜ್ಜಿ ಏನೂ ಮಾತಾಡಲಿಲ್ಲ, ಅಂಗಳದಲ್ಲಿ ಕಡ್ಲೆಕಾಯಿ ಬಿಡಿಸ್ತಾ ಕೂತಿದ್ರು. ಮರಿ ಬಂದು ಸಿಪ್ಪೆ ರಾಶಿಯೊಳಗೆ ಮೂತಿ ತೂರಿಸಿತು. "ಏಯ್ ಕಡ್ಲೆ, ಆ ಕಡೆ ಹೋಗು" ಅಂದ್ರು ಅಜ್ಜಿ. ಅದು ಹೋಗಲಿಲ್ಲ, ಬಾಲ ಅಲ್ಲಾಡಿಸಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಮತ್ತೆ ಕರೆದ್ರು, ಈ ಸಲ ಮೆತ್ತಗೆ: "ಕಡ್ಲೇ..."

ನಾನು ಒಳಗೆ ಹೋಗಿ ಪೆನ್ ತಂದೆ. ಮರಿ ಈಗ ರಾತ್ರಿ ಹೊತ್ತು ಅಂಗಳದಲ್ಲಿ ಮಲಗಲ್ಲ, ಬಾಗಿಲ ಒಳಗೇ. ಅದು ಅಜ್ಜಿ ಆರ್ಡರ್.

ನಿಮ್ಮ ನಾಯಿ ಹೆಸರೇನು, ಯಾಕಿಟ್ರಿ? ವಾಯ್ಸ್ ನೋಟ್ ಕಳಿಸಿ, ಹಿಂದೆ ಅದು ಬೊಗಳ್ತಿದ್ರೂ ಪರವಾಗಿಲ್ಲ. ಮತ್ತೆ ಸಿಗೋಣ.